ಎರಡೂಕಾಲಕ್ಕೆ ಕೂಗಿದ ಭೋಂಗಾ

ಆ ವರ್ಷ ದಾವಣಗೆರೆಯ ಮಿಲ್ಲಿನ ಭೋಂಗಾ
ನಸುಕಿನ ಐದಕ್ಕೆ ಕೂಗಬೇಕಾದ್ದು
ನಡುರಾತ್ರಿ ಎರಡೂಕಾಲಕ್ಕೇ ಕೂಗಿತು.
ಊರಿಗೆ ಊರೇ ಎದ್ದು ಹಲ್ಲುಜ್ಜಿತು.
ಮಂಡಕ್ಕಿ ಭಟ್ಟಿಗಳು ಹೊಗೆ ಬಿಟ್ಟವು,
ಸಾವಂತ್ರವ್ವನ ದೋಸೆಕಾವಲಿ ಚುಂಯ್ ಅಂದಿತು,
ಒಂಬೈನೂರು ಜನ ಬುತ್ತಿ ಹಿಡಿದು ಗೇಟಿನ ಮುಂದೆ
ನಿಂತೂ ನಿಂತೂ ತೂಕಡಿಸಿ ಒಬ್ಬರಿಗೊಬ್ಬರು ಒರಗಿ
ಇರುವಾಗ, ಕೊನೆಗೆ, ಕೋಳಿ ಕೂಗಿತು.
ಅದಕ್ಕೆ ಬೈಯದವರಿಲ್ಲ.

ಪೊಲೀಸರು ಕೇಳಿದರು: ಕಳುವಾದದ್ದೇನು?
ನಿದ್ದೆ ಸಾಹೇಬ್ರೆ, ಅಂದರು ಜನ.
ನಿದ್ದೆಗೆ ಕಲಮು ಇಲ್ಲ ಅಂತ ಕಡತ ಮುಚ್ಚಿದರು.

ಆಗ ಕೇಸು ಹಿಡಿದವರು ನಮ್ಮವರು:
ಟೈಲರ್ ತಿಪ್ಪೇಶಿ, ಟಾಂಗಾ ಚಮನ್ ಸಾಬು,
ಜೊತೆಗೆ ನಾನು, ಆರನೇ ಕ್ಲಾಸು, ಗುಮಾಸ್ತ;
ಸಂಬಳ ದಿನಕ್ಕೊಂದು ಪೊಟ್ಟಣ ಖಾರ ಮಂಡಕ್ಕಿ.
ಟಾಕೀಸಿನಲ್ಲಿ ಹನ್ನೊಂದು ಸಲ ನೋಡಿದ್ದರು
ಭಾಷೆ ತಿಳಿಯದ ಒಂದು ಕುದುರೆ ಸಿನಿಮಾ.
ತಿಳಿದದ್ದಿಷ್ಟು: ನ್ಯಾಯಕ್ಕೆ ಅಗಲ ಟೋಪಿ ಬೇಕು,
ಮಾತು ಕಡಿಮೆ, ಬಾಯಲ್ಲೊಂದು ಕಡ್ಡಿ.

ಟೋಪಿ ಮೊದಲೇ ತಯಾರಿತ್ತು, ಕೇಸು ಬರಬೇಕಿತ್ತು.
ಗೋಣಿತಾಟಿಗೆ ಮಿಲ್ಲಿನ ಗಂಜಿ ಹಚ್ಚಿ
ಕೊಳಗದ ಮೇಲೆ ಬೋರಲು ಒಣಗಿಸಿದ ಟೋಪಿ;
ಮಳೆ ಬಂದರೆ ನ್ಯಾಯ ಕಿವಿಯವರೆಗೆ ಇಳಿಯುತ್ತಿತ್ತು.
ಸೊಂಟದ ಪಟ್ಟಿಗೆ ಗುಂಡಿನ ಮನೆ ಇಪ್ಪತ್ತು,
ಗುಂಡು ಸಿಗದೆ ಒಂದೊಂದಕ್ಕೆ ಒಂದೊಂದು ಹಸಿಮೆಣಸಿನಕಾಯಿ.
ಕುದುರೆ ಬಿಜಲಿ. ಹೆಸರು ಮಾತ್ರ ಬಿಜಲಿ.
ಹೊಂಡದ ಸರ್ಕಲ್ಲಿನಿಂದ ಮಿಲ್ಲಿಗೆ ಬರುವಷ್ಟರಲ್ಲಿ
ಮೂರು ಕಡೆ ನಿಂತು ಯೋಚಿಸುತ್ತಿತ್ತು.

ಮೊದಲ ಸುಳಿವು: ಭೋಂಗಾದ ಸರಪಳಿಯ ಹಿಡಿಯಲ್ಲಿ ಬೆಣ್ಣೆ.
ತಿಪ್ಪೇಶಿ ಮೂಸಿದ. ಚಮನ್ ನೆಕ್ಕಿದ.
'ಎಮ್ಮೆದು' ಅಂದ, ಬಹಳ ಹೊತ್ತು ಬಿಟ್ಟು.
ಬೆಣ್ಣೆ ಅಂದಮೇಲೆ ಸಾವಂತ್ರವ್ವ. ಆ ರಾತ್ರಿ
ಅರವತ್ತು ದೋಸೆ ಹೆಚ್ಚಿಗೆ ಮಾರಿದವಳು ಅವಳೇ ತಾನೆ?

ಹೋಗಿ ಬಾಗಿಲಲ್ಲಿ ಕಾಲಗಲಿಸಿ ನಿಂತೆವು.
'ಬಯಲಾಟ ಏನ್ರೋ? ಚಂದಾ ಕೊಡಂಗಿಲ್ಲ.'
'ವಿಚಾರಣೆ' ಅಂದ ತಿಪ್ಪೇಶಿ, ಕಡ್ಡಿ ಕಚ್ಚಿ.
'ಹಳೇ ಬಾಕಿ ಹದಿನಾಲ್ಕಾಣೆ. ಅದ್ರ ವಿಚಾರಣೆ ಮೊದ್ಲಾಗ್ಲಿ.'
ಅಲ್ಲಿಗೆ ವಿಚಾರಣೆ ಮುಗಿಯಿತು. ಆರು ದೋಸೆ ತಿಂದೆವು.
ಬಾಕಿ ಒಂದು ರೂಪಾಯಿ ಹತ್ತಾಣೆಗೆ ಏರಿತು.
ಹೊರಡುವಾಗ ಅವಳೇ ಅಂದಳು: 'ಬಾಯ್ಲರ್ ಓಬಣ್ಣ
ದಿನಾ ಇಷ್ಟು ಬೆಣ್ಣೆ ಒಯ್ತಾನೆ, ಸುಟ್ಟ ಕೈಗೆ ಹಚ್ಕೊಳ್ಳಾಕೆ.'

ಓಬಣ್ಣ! ಭೋಂಗಾ ಎಳೆಯುವ ಕೆಲಸವೇ ಅವನದು.
ಮೊದಲು ಅವನನ್ನೇ ಯಾಕೆ ಕೇಳಲಿಲ್ಲವೋ
ಐವತ್ತು ವರ್ಷದ ಮೇಲೂ ನನಗೆ ಹೊಳೆದಿಲ್ಲ.

ಅವನೇನು ಅಡಗಿರಲಿಲ್ಲ. ಕುಕ್ಕರಗಾಲಲ್ಲಿ ಕೂತಿದ್ದ.
'ಗಡಿಯಾರ ಕೆಟ್ಟು ಮೂರು ತಿಂಗಳಾತು, ಕೇಳೋರಿಲ್ಲ.
ನಸುಕಿನ್ಯಾಗೆ ಮೇಲ್ ಗಾಡಿಗೆ ಒಂದು ಟಾಂಗಾ ಹೋಗುತ್ತೆ ನೋಡ್ರಿ,
ಆ ಕುದ್ರೆ ಸಪ್ಪಳ ಕೇಳಿದ ಕೂಡ್ಲೆ ಎಳೀತೀನಿ.
ಅವತ್ತೂ ಕೇಳ್ತು, ಎಳೆದೆ. ಅದೇ ಕುದ್ರೆ. ಒಂದು ಲಾಳ ಸಡ್ಲ:
ಟಕ್ ಟಕ್ ಟಿಣ್ ಟಕ್.'

ಚಮನ್ ಬಿಜಲಿಯನ್ನು ನೋಡಿದ, ತಿಪ್ಪೇಶಿ ಚಮನನನ್ನು.
ನಾನು ನೋಟ್‌ಬುಕ್ಕಿನ ಹಿಂದಿನ ಪುಟ ತಿರುವಿದೆ. ನನ್ನದೇ ಕೈಬರಹ:
'ಮಂಗಳವಾರ ರಾತ್ರಿ ಎರಡು ಗಂಟೆ. ಮಿಲ್ಲಿನ ರಸ್ತೆ.
ಯಾರೂ ನೋಡದಂತೆ ಸವಾರಿ ಅಭ್ಯಾಸ.
ತಿಪ್ಪೇಶಣ್ಣ ಎರಡು ಸಲ ಬಿದ್ದ.'
ಹೊರಗೆ ಬಿಜಲಿ ಕಾಲು ಬದಲಿಸಿತು.
ಟಿಣ್.

ಟೋಪಿ ಮಾರಲು ಹೋದರೆ ಯಾರೂ ಕೊಳ್ಳಲಿಲ್ಲ.
ಚಮನ್ ಕಂತಿನ ಮೇಲೆ ಒಂದು ಟೇಬಲ್ ಗಡಿಯಾರ ತಂದು
ಬಾಯ್ಲರ್ ಮನೆಯಲ್ಲಿಟ್ಟು ತಿರುಗಿ ನೋಡದೆ ಬಂದ.
ಗುಂಡುಗಳು ಸಾವಂತ್ರವ್ವನ ಚಟ್ನಿಗೆ ಹೋದವು,
ಬಾಕಿಯಲ್ಲಿ ಎರಡಾಣೆ ವಜಾ.
ಇಬ್ಬರೂ ಹೇಳಿಕೊಟ್ಟಂತೆ ವರದಿ ನಾನೇ ಬರೆದೆ:
'ಆರೋಪಿ ಹೊರಗಿನವನು. ಹರಿಹರದ ಕಡೆ ಓಡಿದ್ದಾನೆ.
ಎತ್ತರ, ಸುಮಾರು ಕುದುರೆಯಷ್ಟು.'