ನಿಂತರೆ ಕತ್ತಲೆ

ಹೀಯುಮಾ ದ್ವೀಪದಲ್ಲಿ ಡಿಸೆಂಬರು ಬಂತೆಂದರೆ
ಮೂರೂವರೆಗೇ ಹಗಲು ಅಂಗಡಿ ಮುಚ್ಚುತ್ತದೆ.
ಶಾಲೆ ಬಿಡುವ ಗಂಟೆಯೂ ಕತ್ತಲೂ
ಒಟ್ಟಿಗೇ ಬಾಗಿಲಿಗೆ ಬರುತ್ತವೆ.

ಅತ್ತೆಯ ಹಳೇ ಸೈಕಲ್ಲು ಈ ವರ್ಷ ನನ್ನದಾಯಿತು.
ಮುಂದಿನ ಚಕ್ರಕ್ಕೆ ಒರಗಿಕೊಂಡಿದೆ
ಔಷಧಿ ಶೀಸೆಯಂಥ ಒಂದು ಪುಟ್ಟ ಡೈನಮೊ.
ತುಳಿದರೆ ಗುರ್ರ್ ಅನ್ನುತ್ತದೆ, ದೀಪ ಹತ್ತುತ್ತದೆ.
ನಿಂತರೆ ಸದ್ದೂ ಇಲ್ಲ, ಬೆಳಕೂ ಇಲ್ಲ.
"ಇದರ ಬ್ಯಾಟರಿ ಎಲ್ಲಿ?" ಅಂದೆ.
"ನೀನೇ, ಪಿರೆಟ್," ಅಂದಳು ಹೆಲ್ಯೆ ಅತ್ತೆ.

ಅತ್ತೆ ದೋಣಿ ರಿಪೇರಿ ಮಾಡುವವಳು.
ಉಗುರ ಸಂದಿಯಲ್ಲಿ ಸದಾ ಕೀಲೆಣ್ಣೆ.
ಮಾತು ಕಡಿಮೆ.
ತೆಳ್ಳನೆಯ ತಾಮ್ರದ ತಂತಿ ತಂದು
ರಟ್ಟಿನ ಕೊಳವೆಗೆ ಸುತ್ತು ಅಂದಳು, ಇನ್ನೂರು ಸುತ್ತು.
ನೂರಾ ಮೂವತ್ತಕ್ಕೆ ನನಗೆ ಲೆಕ್ಕ ತಪ್ಪಿತು.
ತಂತಿಯ ಎರಡು ತುದಿ ದೋಣಿಯೊಂದರ ಮೀಟರಿಗೆ;
ನಟ್ಟನಡುವೆ ಸೊನ್ನೆ, ಸೊನ್ನೆಯ ಮೇಲೆ ಸೂಜಿ.
ನೀರಿಗೆ ಬಿದ್ದ ಬೋಲ್ಟು ಹೆಕ್ಕುವ
ಕಡ್ಡಿ ಅಯಸ್ಕಾಂತವನ್ನು ನನ್ನ ಕೈಗಿತ್ತಳು.

ಕೊಳವೆಯೊಳಗೆ ಮೆಲ್ಲಗೆ ಇಳಿಸಿದೆ. ಕಾದೆ.
ಕಾವಿಗೆ ಕೂತ ಕೋಳಿಯ ಹಾಗೆ ಕಾದೆ.
ಸೂಜಿ ಸೊನ್ನೆಯ ಮೇಲೇ ಗೊರಕೆ ಹೊಡೆಯುತ್ತಿತ್ತು.
ಥೂ, ಸಾಕೆಂದು ಸರ್ರನೆ ಎಳೆದೆ.
ಸೂಜಿ ಎಡಕ್ಕೆ ನೆಗೆಯಿತು!
ತಳ್ಳಿದೆ, ಬಲಕ್ಕೆ.
ಬಿರುಸಾಗಿ ಆಡಿಸಿದರೆ ದೊಡ್ಡ ನೆಗೆತ,
ನಿಧಾನಿಸಿದರೆ ಬರೀ ನಡುಕ,
ಕೈ ನಿಂತರೆ ಸೂಜಿಗೆ ಮತ್ತೆ ನಿದ್ದೆ.

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದಂತೆ.
ಕೂತ ಅಯಸ್ಕಾಂತ ಎಷ್ಟೇ ಗಟ್ಟಿಗನಾದರೂ
ಒಂದು ಮಿಣುಕನ್ನೂ ದುಡಿಯದು.

"ಅಂದರೆ ಕರೆಂಟು ಅಯಸ್ಕಾಂತದಿಂದ ಸುರಿಯುತ್ತದಾ?"
"ಇಲ್ಲ. ತಂತಿಯೊಳಗೆ ಮೊದಲೇ ಇದೆ
ಎಣಿಸಲಾರದಷ್ಟು ಪುಟಾಣಿ ಕಣಗಳ ಹಿಂಡು.
ಬೇಸಗೆಯಲ್ಲಿ ಬಂದರಿನ ಹಲಗೆ ಕೆಳಗೆ
ಹೆರಿಂಗ್ ಮರಿಗಳನ್ನು ನೋಡಿದ್ದೆಯಲ್ಲ?
ದೋಣಿಯ ನೆರಳು ಅಲುಗದಿದ್ದರೆ ಅವಕ್ಕೆ ಪರಿವೆಯೇ ಇಲ್ಲ.
ನೆರಳು ಸರಿದದ್ದೇ ತಡ,
ಇಡೀ ಹಿಂಡು ಒಂದೇ ಮೀನಿನಂತೆ ಹೊರಳುತ್ತದೆ.
ಅಯಸ್ಕಾಂತದ ಸುತ್ತಲೂ ಅಂಥದೊಂದು
ಕಣ್ಣಿಗೆ ಕಾಣದ ನೆರಳು ಚಾಚಿಕೊಂಡಿರುತ್ತದೆ.
ಅದು ಸರಿದಾಡಿದರೆ ತಾಮ್ರದ ಹಿಂಡು ಓಡುತ್ತದೆ.
ಆ ಓಟವೇ ಕರೆಂಟು."

ಅತ್ತೆ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು
ನಾನು ಅದುವರೆಗೆ ಕೇಳಿರಲಿಲ್ಲ.

ಡೈನಮೊದಲ್ಲೂ ಅದೇ ಸಂಸಾರ:
ನಡುವೆ ಗಿರಗಿರ ಅಯಸ್ಕಾಂತ, ಸುತ್ತ ಸುಮ್ಮನಿರುವ ತಂತಿ,
ತಂತಿಯಲ್ಲಿ ಹಿಂಡು ಅತ್ತ ಇತ್ತ, ಅತ್ತ ಇತ್ತ.
"ದೀಪ ಹಾಕಿದರೆ ಪೆಡಲು ಯಾಕೆ ಭಾರ?"
"ಬೆಳಕಿಗೆ ಬಾಡಿಗೆ ಕಟ್ಟಬೇಡವಾ?
ಬೆಳಿಗ್ಗೆ ತಿಂದ ಕಪ್ಪು ರೊಟ್ಟಿಯೇ
ಕಾಲಿಗಿಳಿದು, ಚಕ್ರಕ್ಕೆ ದಾಟಿ, ಅಲ್ಲಿ ಉರಿಯುತ್ತಿದೆ."

ಅದೇ ಸಂಜೆ, ಮನೆಯ ದಾರಿ.
ಜೂನಿಪರ್ ಪೊದೆಗಳ ತಿರುವಿನಲ್ಲಿ
ರಸ್ತೆಗೆ ಅಡ್ಡ ಏನೋ, ಕುದುರೆಗಿಂತ ಎತ್ತರ.
ಬ್ರೇಕು ಒತ್ತಿದೆ. ಚಕ್ರ ನಿಂತಿತು.
ದೀಪವೂ.
ಕತ್ತಲಲ್ಲಿ ಎರಡೇ ಉಸಿರು,
ನನ್ನದೊಂದು, ಅದರದೊಂದು.

ಹ್ಯಾಂಡಲು ಮೇಲೆತ್ತಿ ಹಿಡಿದೆ,
ಇನ್ನೊಂದು ಅಂಗೈಯಿಂದ ಚಕ್ರ ಬೀಸಿದೆ.
ಗುರ್ರ್.
ಉದ್ದ ಮೂತಿ, ಹಿಮ ಮೆತ್ತಿದ ಗಡ್ಡ, ಮೂಸ್!
ಹೊಳೆಯುವ ಎರಡು ಕಣ್ಣು.
ಅದರ ಹೊಟ್ಟೆಯ ಮಟ್ಟದಲ್ಲಿ ಇನ್ನೆರಡು, ಮರಿಯವು.
ಚಕ್ರ ಸೋತಿತು, ನಾಲ್ಕೂ ಕಣ್ಣು ಆರಿದವು.

ಮತ್ತೆ ಬೀಸಿದಾಗ ರಸ್ತೆ ಖಾಲಿ.
ಹಿಮದ ಮೇಲೆ ದೊಡ್ಡ ಗೊರಸು, ಪಕ್ಕದಲ್ಲಿ ಚಿಕ್ಕ ಗೊರಸು.
ಅಂಗೈ ಉರಿಯುತ್ತಿತ್ತು.
ಆದರೂ ಇನ್ನೊಂದು ಸಲ ಬೀಸಿದೆ,
ಸುಮ್ಮನೆ.