ನಿಮಗೆ ಗಾಯವಾಗಿಲ್ಲ

ಸೆಪ್ಟೆಂಬರ್ ಹದಿನೆಂಟು. ನಮ್ಮಲ್ಲಿ ಹಬ್ಬಕ್ಕೆ ಬೇರೆ ಹೆಸರು ಬೇಡ,
'ಹದಿನೆಂಟು' ಅಂದರೆ ಸಾಕು, ಮಗುವಿಗೂ ಗೊತ್ತು.
ಊರಲ್ಲಿ ಈಗ ಹಸಿಕೊಂಬೆಯ ಚಪ್ಪರ ಎದ್ದಿರುತ್ತದೆ,
ಒಲೆಯಲ್ಲಿ ಎಂಪನಾದ ಉಬ್ಬಿರುತ್ತದೆ,
ಗಾಳಿಪಟದ ದಾರಕ್ಕೆ ತಂಗಿ ಬೆರಳು ಕುಯ್ದುಕೊಂಡಿರುತ್ತಾಳೆ.
ನಾನು ಕಲಾಮಾದಾಚೆ, ತಾಮ್ರದ ಗಣಿಯ ಶಿಬಿರದಲ್ಲಿ,
ಏಳು ದಿನದ ಪಾಳಿಯ ನಾಲ್ಕನೆಯ ರಾತ್ರಿ.
ಇಲ್ಲಿ ಒಂದು ಹನಿ ಮದ್ಯ ಸಿಕ್ಕರೂ ಕೆಲಸ ಹೋಯಿತು.
ಕ್ಯಾಂಟೀನಿನವರು ಜೆಲ್ಲಿಯ ಮೇಲೆ ಕಾಗದದ ಬಾವುಟ ಚುಚ್ಚಿದ್ದರು.
ಜೆಲ್ಲಿ ತಿಂದೆ. ಬಾವುಟ ಜೇಬಿನಲ್ಲಿ ಬಂತು.

ಹನ್ನೊಂದಕ್ಕೆ ನಿಬಾಲ್ದೊ ಕರೆದ,
ಆಟದೊಳಗಿಂದ.
ಅವನಿರುವುದು ಪುಂತಾ ಅರೇನಾಸ್, ದೇಶದ ಬಾಲದ ತುದಿ;
ನಾನು ತೊಟ್ಟಿನ ಹತ್ತಿರ.
ನಡುವೆ ಇಡೀ ದೇಶ ಒಣಮೆಣಸಿನಕಾಯಿಯ ಹಾಗೆ
ಉದ್ದಕ್ಕೆ ಮಲಗಿದೆ.
ಮೂರು ವರ್ಷದಿಂದ ಒಂದೇ ತಂಡ, ಮುಖ ಕಂಡಿಲ್ಲ.
ಅವನ ಕೆಮ್ಮು ಗೊತ್ತು, ಅವನ ಕೆಟಲ್ ಕುದಿಯುವುದು ಗೊತ್ತು.

ಆಟ ಯುದ್ಧದ್ದು. ಹಿಮ ಬಿದ್ದ ಪಾಳು ಪಟ್ಟಣ;
ನೂರು ಜನ ಇಳಿಯುತ್ತೇವೆ, ಒಬ್ಬರು ಉಳಿಯುತ್ತಾರೆ.
'ಇಲ್ಲೇ ಕ್ವೆಕಾ ಕುಣಿಯೋಣ' ಅಂದ.

ಕ್ವೆಕಾಕ್ಕೆ ಎದುರಿಗೊಬ್ಬರು ಬೇಕು, ಕೈಯಲ್ಲೊಂದು ಬಿಳಿ ಕರವಸ್ತ್ರ.
ಮುಟ್ಟುವಂತಿಲ್ಲ; ಮಾತೆಲ್ಲ ಬಟ್ಟೆಯದೇ.
ಆಟದ ಅಂಗಡಿಯಲ್ಲಿ ಹುಡುಕಿದೆ:
ನಾನೂರು ಬಗೆಯ ಬಂದೂಕು, ಗುಲಾಬಿ ಬಣ್ಣದ ಗ್ರೆನೇಡು,
ಸತ್ತವನ ಮುಂದೆ ಕುಣಿಯಲು ಒಂಬತ್ತು ಕುಣಿತ ಮಾರಾಟಕ್ಕಿವೆ,
ಕಣ್ಣೊರೆಸುವಷ್ಟು ಬಟ್ಟೆ ಇಲ್ಲ.

ಬಿಳಿಯದು ಒಂದೇ, ಗಾಯಕ್ಕೆ ಸುತ್ತುವ ಪಟ್ಟಿ.
ಕೈಗೆತ್ತಿಕೊಳ್ಳಹೋದೆ. ಪರದೆ ಹೇಳಿತು:
ನಿಮಗೆ ಗಾಯವಾಗಿಲ್ಲ.

'ಹಾರು, ಯಾಸ್ನಾ' ಅಂದ ನಿಬಾಲ್ದೊ.
ಅಂಚೆ ಕಚೇರಿಯ ಎರಡನೆಯ ಮಹಡಿಯಿಂದ ಹಾರಿದೆವು.
ಕಾಲು ಮುರಿಯಿತು, ಪರದೆಯ ಅಂಚು ಕೆಂಪಾಯಿತು,
ಪಟ್ಟಿ ಕೈಗೆ ಬಂತು, ಬಿಚ್ಚಿಕೊಂಡಿತು, ಗಾಳಿಯಲ್ಲಿ ಆಡಿತು,
ಆರು ಸೆಕೆಂಡು.
ಅಷ್ಟರಲ್ಲಿ ಗಾಯ ಮಾಯುತ್ತದೆ, ಬಟ್ಟೆ ಮಾಯವಾಗುತ್ತದೆ.
ಮತ್ತೆ ಮೆಟ್ಟಿಲು. ಮತ್ತೆ ಮಹಡಿ. ಹಾರು.
ಕಂತು ಕಂತಾಗಿ ಕುಣಿದೆವು ದೇಶದ ಕುಣಿತವನ್ನು.
ಅವನ ನೆಟ್ ನಿಧಾನ: ನಾನು ಸುತ್ತು ಮುಗಿಸಿ ನಿಂತ ಮೇಲೆ
ಅವನ ಹೆಜ್ಜೆ ಬಂದು ತಲುಪುತ್ತಿತ್ತು,
ತಪ್ಪಿಸಿಕೊಂಡೆವು ಅಂದುಕೊಂಡ ಬಸ್ಸಿನ ಹಾಗೆ.
ಹಾಡು ಅವನ ಬಾಯಿಯದು, ತಾಳ ನನ್ನ ಎಡಗೈಯದು ಮೇಜಿನ ಮೇಲೆ.
ಪಕ್ಕದ ಕೋಣೆಯವಳು ಗೋಡೆ ಗುದ್ದಿದಳು,
ಸಿಟ್ಟಿನಿಂದಲೇ, ಆದರೆ ತಾಳ ತಪ್ಪದೆ.

ಆಗ ಬೇಲಿ ದಾಟಿ ಬಂದ ಒಬ್ಬ, ದುರ್ಬೀನಿನ ಬಂದೂಕು ಹಿಡಿದು.
ಹೆಸರಿನ ಪಕ್ಕ ಕೆಂಪು, ಹಳದಿ, ಹಸಿರು. ಬೊಲಿವಿಯಾ.
ನಾನು ಮಲಗಿ ಏಳುವ ಈ ನೆಲ,
ದಿನಾ ಲಾರಿಯಲ್ಲಿ ಹೊರುವ ಈ ತಾಮ್ರ
ನನ್ನ ಮುತ್ತಜ್ಜಿಯ ಅಜ್ಜಿಯ ಕಾಲಕ್ಕೆ ಅವರ ನಕ್ಷೆಯಲ್ಲಿತ್ತು.
ಕಡಲೂ ಇತ್ತು ಅವರಿಗೆ.
ಗೆದ್ದ ಇಸವಿಯೆಂದು ನಾನು ಶಾಲೆಯಲ್ಲಿ ಉರುಹೊಡೆದದ್ದನ್ನು
ಅವನೂ ಉರುಹೊಡೆದಿರಬೇಕು.

ಗುಂಡು ಬರಲಿಲ್ಲ.
'ಇದೇನು ಹುಚ್ಚು?' ಎಂದು ಬರೆದ.
'ಹದಿನೆಂಟು' ಎಂದೆ.
ಸ್ವಲ್ಪ ಹೊತ್ತು ಹಿಮವಷ್ಟೇ ಬಿತ್ತು, ಎಲ್ಲ ಚಕ್ಕೆಯೂ ಒಂದೇ ಅಚ್ಚಿನದು.
ಆಮೇಲೆ ಬಗ್ಗಿದ, ಚೀಲ ಬಿಚ್ಚಿ ನೆಲದ ಮೇಲಿಟ್ಟ,
ಒಂದು, ಎರಡು, ಐದು, ತನ್ನ ಪಟ್ಟಿಗಳನ್ನೆಲ್ಲ,
ತನಗೆಂದು ಒಂದನ್ನೂ ಉಳಿಸಿಕೊಳ್ಳದೆ.
ಬೆನ್ನು ತಿರುಗಿಸಿ ನಡೆದ.
ಪೈನ್ ಮರಗಳ ಹತ್ತಿರ ಯಾರೋ ಹೊಡೆದರು.
ನಾವಲ್ಲ.
ಮೂಲೆಯಲ್ಲಿ ಅವನ ಹೆಸರು ಬೂದಿಬಣ್ಣಕ್ಕೆ ತಿರುಗಿ ಅಳಿಸಿಹೋಯಿತು.

ನಿಬಾಲ್ದೊ ಹಾಡು ನಿಲ್ಲಿಸಿದ್ದ. ಮತ್ತೆ ಎತ್ತಿಕೊಳ್ಳಲಿಲ್ಲ.
'ನಾಳೆ ಎಷ್ಟಕ್ಕೆ?'
'ಐದಕ್ಕೆ ಬಸ್ಸು.'

ಬಸ್ಸಿನಲ್ಲಿ ಜೇಬಿಗೆ ಕೈ ಹಾಕಿದರೆ ಬಾವುಟ,
ಕಡ್ಡಿಗೆ ಇನ್ನೂ ಜೆಲ್ಲಿಯ ಅಂಟು.
ಹುಡುಕಿ ನೋಡಿದೆ: ಅವರ ಹಬ್ಬ ಆಗಸ್ಟ್ ಆರು.
ಅವರೂ ಕುಣಿಯುತ್ತಾರೆ ಕ್ವೆಕಾ,
ಅದೇ ಬಿಳಿ ಬಟ್ಟೆ ಬೀಸಿ, ಮುಟ್ಟದೆ.
ಅವನು ಏನು ಹುಚ್ಚೆಂದು ಕೇಳಿದ್ದು ಮಹಡಿಯಿಂದ ಹಾರಿದ್ದಕ್ಕೆ ಇರಬೇಕು,
ಕುಣಿತಕ್ಕಲ್ಲ.

ಲಾರಿ ಹತ್ತುವ ಮೊದಲು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆರೆದು
ಎಣಿಸಿ ಸಹಿ ಹಾಕಬೇಕು, ಅದು ನಿಯಮ.
ಕತ್ತರಿ, ಒಂದು. ಪಟ್ಟಿ, ಐದು.
ಇವೆ ಎಂದು ಬರೆದೆ.