ಕಾವು

ಐದು ಹೆಜ್ಜೆ ಎಣಿಸಿ
ಹಿಮ್ಮಡಿಯಲ್ಲಿ ಗೀರು ಹಾಕಿದಳು ಲೆಂಪಿ ರೌಟಿಯೊ.
"ಇಲ್ಲಿ ನಿಲ್ಲು.
ಗೀರು ನಿನ್ನದು. ಆಚೆ ತುದಿ ಮರದ್ದು.
ನಡುವೆ ಇರುವುದು ಕೊಡಲಿಯದು, ಅಲ್ಲಿ ಕೈ ಹಾಕಬೇಡ."

ಎಪ್ಪತ್ತನಾಲ್ಕರ ಹೆಂಗಸು. ಸುಪೀರಿಯರ್ ಸರೋವರದ ಗಾಳಿ
ಒಗೆದ ಬಟ್ಟೆಯ ಹಾಗೆ ಅವಳ ಮುಖವನ್ನು
ಹಿಂಡಿ ಹಿಂಡಿ ಬಿಟ್ಟಿದೆ.
ಮೂರು ಕಾಲಿನ ಮಣೆಯ ಮೇಲೆ ಪಾಪ್ಲರ್ ದಿಂಡು;
ಅದಕ್ಕೆ ನಿನ್ನೆ ರಾತ್ರಿಯೇ ಎರಡು ಬಕೆಟ್ಟು ನೀರು ಕುಡಿಸಿ
ಮೆತ್ತಗೆ ಮಾಡಿಟ್ಟಿದ್ದಾಳೆ.
ಹೊಸಬರಿಗೆ ಅವಳ ಕರುಣೆ ಅಷ್ಟೇ.

ಯಾಕೆ ಕಲಿಯಬೇಕು ಅಂತ ಕೇಳಲಿಲ್ಲ.
ಕೇಳಿದ್ದರೆ ಹೇಳಲು ನನ್ನಲ್ಲಿದ್ದದ್ದು ಒಂದೇ:
ಅವಳ ಡಬ್ಬಿಗೆ ಕಾಗದ ಹಾಕುವಾಗೆಲ್ಲ
ಹಿತ್ತಲಿನಿಂದ ಆ ಸದ್ದು ಬರುತ್ತಿತ್ತು.

ಅಂಚೆಯವನು ನಾನು, ಎಲ್ವುಡ್ ಪೆಲ್ಕಿ.
ಇಪ್ಪತ್ತೊಂದು ವರ್ಷ ಕಾರಿನ ಕಿಟಕಿಯಿಂದ
ಊರ ಡಬ್ಬಿಗಳಿಗೆಲ್ಲ ತೂರಿದ್ದೇನೆ;
ಒಂದಾದರೂ ಹೀಗೆ ಪುಟಿದು
ನನ್ನ ಮೊಣಕಾಲು ಹುಡುಕಿಕೊಂಡು ಬಂದದ್ದಿಲ್ಲ.

ಠಣ್.
ಹುಲ್ಲು.
ಠಕ್.
ಮತ್ತೆ ಹುಲ್ಲು.
ಒಮ್ಮೆ ಬೇಲಿಯಾಚೆ ಕೋಸಿನ ಮಡಿಯಲ್ಲಿ
ಯಾರೋ ನೆಟ್ಟ ಹಾಗೆ, ನೆಟ್ಟಗೆ.
"ಕೋಸಿಗೆ ಗುರಿಯಿಟ್ಟಿದ್ದರೆ ಭೇಷ್," ಎಂದಳು.

ಸಿಟ್ಟಿಗೆ ಜೋರಾಗಿ ಬೀಸಿದೆ. ಇನ್ನೂ ದೂರ ಪುಟಿಯಿತು.
"ತೋಳನ್ನು ಬೈಯಬೇಡ, ನಿಂತ ಜಾಗ ನೋಡು.
ಕಾವು ಮೊದಲು ಬಡಿಯಿತೋ, ಅರ್ಧ ಹೆಜ್ಜೆ ಹಿಂದೆ.
ನೆತ್ತಿ ಮೊದಲು ಬಡಿಯಿತೋ, ಅರ್ಧ ಹೆಜ್ಜೆ ಮುಂದೆ.
ಎಸೆತ ಹಾಗೇ ಇರಲಿ.
ಅದು ತನ್ನ ಲೆಕ್ಕಕ್ಕೆ ಸುತ್ತುತ್ತೆ,
ನಿನ್ನ ಮುಖ ನೋಡಿ ಕಾಲು ಸುತ್ತೂ ಹೆಚ್ಚು ಸುತ್ತಲ್ಲ."

ಸರಿಹೋಗದ್ದು ಮಣಿಕಟ್ಟು.
ಕಾಗದ ತೂರಿ ತೂರಿ ಅಂಟಿದ ಚಟ,
ಬಿಡುವ ಗಳಿಗೆಯಲ್ಲಿ ಮೀನಿನ ಬಾಲದಂತೆ ಚಿಮ್ಮುತ್ತದೆ.
ಲೆಂಪಿ ಒಳಗಿನಿಂದ ಮರದ ಸೌಟು ತಂದಳು,
ಮುಂಗೈಗೆ ಆನಿಸಿ ಉಣ್ಣೆಯ ಮಫ್ಲರಿನಲ್ಲಿ ಬಿಗಿದಳು.
ನಲವತ್ತೇಳು ವರ್ಷದ ನಾನು
ಸೌಟು ಕಟ್ಟಿಕೊಂಡು ಇಡೀ ಮಧ್ಯಾಹ್ನ ಎಸೆದೆ.
ದಾರಿಯಲ್ಲಿ ಹೋದ ಶಾಲೆ ಬಸ್ಸು
ಹಾರ್ನ್ ಹೊಡೆದು ಹೋಯಿತು.
ಇನ್ನು ಊರಿಗೆಲ್ಲ ಗೊತ್ತು.

ನಡುವೆ ಚಾಕು.
ಅದಕ್ಕೆ ಮೂರೇ ಹೆಜ್ಜೆ, ಅರ್ಧ ಸುತ್ತು;
ಹಿಡಿ ಬಿಟ್ಟು ಅಲಗನ್ನೇ ಹಿಡಿಯಬೇಕು,
"ಒಲೆಯಿಂದ ಬಿಸಿ ಬ್ರೆಡ್ಡು ತೆಗೀತೀಯಲ್ಲ, ಅಷ್ಟೇ."
ದಿಂಡಿಗೆ ಮೊಳೆ ಹೊಡೆದದ್ದು ಇಸ್ಪೀಟಿನ ಕಳಾವರ್ ರಾಜ.
ಸಂಜೆಯಾದರೂ ಅವನ ಮೀಸೆಯ
ಒಂದು ಕೂದಲೂ ಕೊಂಕಲಿಲ್ಲ.

ಐದನೆಯ ದಿನ ಕಾವು ಸೀಳಿತು.
ಮೆಟ್ಟಿಲ ಮೇಲೆ ಕೂತು ಹಳೆಯದನ್ನು ತಟ್ಟಿ ಹೊರಡಿಸಿ
ಹಿಕರಿಯ ಕೋಲು ಹೆರೆಯತೊಡಗಿದಳು, ಗಾಜಿನ ಚೂರಲ್ಲಿ.
ಕೊಡಲಿ ಕಾವು ಕುಲಕ್ಕೆ ಸಾವು—
ಪಾಪ್ಲರ್ ದಿಂಡು ಹಾಗಂದುಕೊಂಡಿರಬೇಕು
ಆ ಕೋಲನ್ನು ನೋಡಿ.
"ಟೊಮಹಾಕ್ ಅನ್ನೋ ಹೆಸರು ನಮ್ಮದಲ್ಲ," ಅಂದಳು,
"ಪೂರ್ವ ತೀರದಲ್ಲಿ ಮೊದಲಿಂದ ಇದ್ದವರ ಮಾತು.
ಕಬ್ಬಿಣ ಅಂಗಡಿಯದು.
ನಮ್ಮದು ಅಂತ ಇರೋದು ಕಾವೊಂದೇ,
ಅದೂ ಮುರಿಯೋ ತನಕ."
ಅಗಸೆ ಎಣ್ಣೆ ತಿಕ್ಕಿ ನನ್ನ ಕೈಗಿಟ್ಟಳು.
ಅವಳ ಅಂಗೈಯ ಕಾವು
ಆ ಕಾವಿನಲ್ಲಿ ಇನ್ನೂ ಇತ್ತು.

ಸೌಟು ಕಟ್ಟಿಕೊಳ್ಳುವುದು ಮರೆತಿತ್ತು.
ಅರ್ಧ ಹೆಜ್ಜೆ ಹಿಂದೆ ಸರಿದು, ಎಸೆದೆ.

ಧಪ್.

ಅದೇ. ರಸ್ತೆಯಿಂದ ಕೇಳುತ್ತಿದ್ದದ್ದು.
ಹತ್ತಿರದಿಂದ ಕೇಳಿದರೆ
ಡಿಸೆಂಬರಿನ ಕೊನೆಯ ಅಂಚೆಚೀಲ
ಹೆಗಲಿಂದ ನೆಲಕ್ಕಿಳಿದ ಸದ್ದು.

ತಿರುಗಿದೆ. ಲೆಂಪಿ ಇಲ್ಲ.
ಕಾಫಿ ಉಕ್ಕೀತೆಂದು ಒಳಗೆ ಹೋಗಿದ್ದಾಳೆ.
ಕೋಸುಗಳು ನೋಡಿದವೋ ಏನೋ.
ಗೀರು ಬಿಡದೆ ನಿಂತೆ, ಸಾಕ್ಷಿ ಬರಲೆಂದು.

ಬಂದಳು, ಎರಡು ಲೋಟ ಹಿಡಿದು.
ನೋಡಿದಳು. ಹ್ಞೂಂ ಅನ್ನಲೂ ಇಲ್ಲ.
ಕೀಳಲು ಹೋದೆ. ಕದಲಲಿಲ್ಲ.
ದಿಂಡಿಗೆ ಒಂದು ಕಾಲು ಒತ್ತಿ, ಎರಡೂ ಕೈಯಲ್ಲಿ ಜಗ್ಗಿದೆ.

"ಎಳೀಬೇಡ," ಎಂದಳು ಕಾಫಿ ಊದುತ್ತ,
"ಕಾವನ್ನ ಮೇಲಕ್ಕೆತ್ತು.
ಅದು ನಾಳೆಯ ಪಾಠ.
ಇರಲಿ, ಇವತ್ತೇ ಕಲಿ."